ವೀಸಾ ಬೇಡದ ದೇಶಕ್ಕೂ ನಿಯಮ ಇದೆ, ಕನ್ನಡದಲ್ಲಿ ತಿಳಿಸಿ

ಸಂಪಾದಕರಿಗೆ ನಮಸ್ಕಾರ.

ನಾನು ಚಿಂತಾಮಣಿಯಲ್ಲಿ ಒಂದು ಆನ್‌ಲೈನ್ ಸೆಂಟರ್ ನಡೆಸುತ್ತೇನೆ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಸ್ಕಾಲರ್‌ಶಿಪ್ ಅರ್ಜಿ, ಇವೇ ದಿನದ ಕೆಲಸ. ಈಚೆಗೆ ವಿದೇಶಕ್ಕೆ ಹೋಗುವವರ ಫಾರಂ ತುಂಬುವುದೂ ಸೇರಿಕೊಂಡಿದೆ. ಗೊಬ್ಬರ, ಔಷಧಿ ಅಂಗಡಿಯವರು ಟಾರ್ಗೆಟ್ ಮುಗಿಸಿದರೆ ಕಂಪನಿಯವರೇ ಬ್ಯಾಂಕಾಕಿಗೆ ಕಳಿಸುತ್ತಾರೆ. ಟೊಮೆಟೊಗೆ ಒಳ್ಳೆ ರೇಟು ಸಿಕ್ಕರೆ ಮಂಡಿಯವರು ಗುಂಪು ಕಟ್ಟಿಕೊಂಡು ಮಲೇಷ್ಯಾ ನೋಡಿ ಬರುತ್ತಾರೆ. ದೇವನಹಳ್ಳಿ ಏರ್‌ಪೋರ್ಟ್ ಹೇಗೂ ಹತ್ತಿರ. ಇದೆಲ್ಲ ಖುಷಿಯ ವಿಷಯವೇ. ಆದರೆ ‘ವೀಸಾ ಬೇಡ’ ಅಂತ ಹೇಳಿ ದುಡ್ಡು ಕಟ್ಟಿಸಿಕೊಳ್ಳುವವರು ಮಿಕ್ಕ ನಿಯಮ ಹೇಳುವುದಿಲ್ಲ. ಅದಕ್ಕೇ ಈ ಪತ್ರ.

ಥಾಯ್ಲೆಂಡ್ 2023ರ ನವೆಂಬರ್ 10ರಿಂದ ನಮ್ಮವರಿಗೆ ವೀಸಾ ಇಲ್ಲದೆ 30 ದಿನ ಇರಲು ಅವಕಾಶ ಕೊಟ್ಟಿತು. 2024ರ ಜುಲೈ 15ರಿಂದ ಅದನ್ನು 60 ದಿನಕ್ಕೆ ಏರಿಸಿತು. ಮಲೇಷ್ಯಾ 2023ರ ಡಿಸೆಂಬರ್ 1ರಿಂದ 30 ದಿನ ಕೊಟ್ಟಿತು. ಈ ಲೆಕ್ಕ ಆಗಾಗ ಬದಲಾಗುತ್ತದೆ, ಹಾಗಾಗಿ ಟಿಕೆಟ್ ಮಾಡಿಸುವ ದಿನವೇ ಆ ದೇಶದ ರಾಯಭಾರ ಕಚೇರಿಯ ವೆಬ್‌ಸೈಟ್ ನೋಡಬೇಕು. ಹೇಳಿದ ದಿನಕ್ಕಿಂತ ಜಾಸ್ತಿ ಉಳಿದರೆ ಥಾಯ್ಲೆಂಡಿನಲ್ಲಿ ದಿನಕ್ಕೆ 500 ಬಾತ್ ದಂಡ. ಮಲೇಷ್ಯಾಕ್ಕೆ ಹೋಗಲು ಪಾಸ್‌ಪೋರ್ಟಿನಲ್ಲಿ 6 ತಿಂಗಳ ಅವಧಿಯಾದರೂ ಉಳಿದಿರಬೇಕು.

ಎರಡೂ ದೇಶಕ್ಕೆ ತಲುಪುವ ಮುಂಚಿನ 3 ದಿನದೊಳಗೆ ಆನ್‌ಲೈನಿನಲ್ಲಿ ‘ಅರೈವಲ್ ಕಾರ್ಡ್’ ಅಂತ ಒಂದು ಕಾರ್ಡ್ ತುಂಬಬೇಕು. ಮಲೇಷ್ಯಾ ಇದನ್ನು 2024ರಲ್ಲಿ ಕಡ್ಡಾಯ ಮಾಡಿತು, ಥಾಯ್ಲೆಂಡ್ 2025ರ ಮೇ 1ರಿಂದ. ಇದಕ್ಕೆ ಸರ್ಕಾರದ ಫೀಸ್ ಒಂದು ರೂಪಾಯಿಯೂ ಇಲ್ಲ! ಆದರೂ ‘ಎಂಟ್ರಿ ಫೀಸ್’ ಅಂತ ಒಬ್ಬೊಬ್ಬರಿಂದ ಸಾವಿರಗಟ್ಟಲೆ ವಸೂಲಿ ಮಾಡಿದ ರಸೀದಿಗಳನ್ನು ನಾನೇ ನೋಡಿದ್ದೇನೆ. ತುಂಬಿಕೊಡುವುದಕ್ಕೆ, ಪ್ರಿಂಟಿಗೆ ನಾನೂ ದುಡ್ಡು ತೆಗೆದುಕೊಳ್ಳುತ್ತೇನೆ, ಅದು ನನ್ನ ಕೆಲಸದ ಕೂಲಿ ಅಂತ ಹೇಳಿಯೇ ತೆಗೆದುಕೊಳ್ಳುತ್ತೇನೆ. ಸರ್ಕಾರಕ್ಕೆ ಕಟ್ಟಬೇಕು ಅಂತ ಸುಳ್ಳು ಹೇಳುವುದು ಮೋಸ. ಗೂಗಲ್‌ನಲ್ಲಿ ಹುಡುಕಿದರೆ ದುಡ್ಡು ಕೇಳುವ ಖಾಸಗಿ ಸೈಟುಗಳೂ ಬರುತ್ತವೆ. ಥಾಯ್ಲೆಂಡ್ ಸರ್ಕಾರದ ಸೈಟಿನ ಹೆಸರು ‘ಗೋ ಡಾಟ್ ಟಿಎಚ್’ (go.th) ಅಂತ, ಮಲೇಷ್ಯಾದ್ದು ‘ಗವ್ ಡಾಟ್ ಎಂವೈ’ (gov.my) ಅಂತ ಮುಗಿಯುತ್ತದೆ. ಇಷ್ಟು ಗೊತ್ತಿದ್ದರೆ ಸಾಕು.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಈಚೆಗೆ ನಮ್ಮ ತಾಲ್ಲೂಕಿನ ಹಳ್ಳಿಯ ಹುಡುಗನೊಬ್ಬ ತಾಯಿಯ ಜೊತೆ ಬಂದಿದ್ದ. ಐಟಿಐ ಮುಗಿಸಿದ್ದಾನೆ. ಬ್ಯಾಂಕಾಕ್ ಟಿಕೆಟ್ ಕೈಯಲ್ಲಿತ್ತು. ಕಾರ್ಡಿನಲ್ಲಿ ಪ್ರಯಾಣದ ಉದ್ದೇಶ ಏನು ಅಂತ ಒಂದು ಕಾಲಂ ಇದೆ. ಕೇಳಿದೆ. “ಹಾಲಿಡೇ ಅಂತ ಹಾಕಿ ಅಕ್ಕಾ, ಏಜೆಂಟ್ ಹಂಗೇ ಹೇಳವ್ರೆ” ಅಂದ. ನಿಜವಾಗಿ ಏನಕ್ಕಪ್ಪಾ ಅಂದರೆ, ಡೇಟಾ ಎಂಟ್ರಿ ಕೆಲಸಕ್ಕಂತೆ. ಊಟ, ವಸತಿ ಫ್ರೀ. ಕಂಪನಿಯ ಹೆಸರು ಗೊತ್ತಿಲ್ಲ, ಊರಿನ ಹೆಸರೂ ಗೊತ್ತಿಲ್ಲ. ಏರ್‌ಪೋರ್ಟಿಗೆ ಕಾರು ಬರುತ್ತದೆ, ವರ್ಕ್ ಪರ್ಮಿಟ್ ಅಲ್ಲೇ ಮಾಡಿಸುತ್ತಾರೆ ಅಂತ ವಾಟ್ಸ್ಆ್ಯಪ್‌ನಲ್ಲಿ ಬಂದಿತ್ತು. ತಾಯಿ ಓಲೆ ಅಡವಿಟ್ಟು ದುಡ್ಡು ಕೊಟ್ಟಿದ್ದರು.

ನಾನು ಫಾರಂ ತುಂಬಲಿಲ್ಲ. ಇಬ್ಬರನ್ನೂ ಕೂರಿಸಿ ಹಳೇ ಸುದ್ದಿ ತೆಗೆದು ತೋರಿಸಿದೆ. ಇದೇ ಥರ ಥಾಯ್ಲೆಂಡಿಗೆ ಇಳಿದವರನ್ನು ಗಡಿ ದಾಟಿಸಿ ಮ್ಯಾನ್ಮಾರಿನ ಮಿಯಾವಡ್ಡಿ ಕಡೆ ಕರೆದುಕೊಂಡು ಹೋಗಿ, ಕೂಡಿಹಾಕಿ, ಆನ್‌ಲೈನ್ ವಂಚನೆ ಕೆಲಸಕ್ಕೆ ಹಚ್ಚಿದ್ದರು. 2025ರ ಮಾರ್ಚ್‌ನಲ್ಲಿ ನಮ್ಮ ವಾಯುಪಡೆಯ ಎರಡು ವಿಮಾನಗಳು 549 ಜನರನ್ನು ವಾಪಸ್ ಕರೆತಂದವು. ಇರಾನ್ ಕೂಡ 2024ರ ಫೆಬ್ರವರಿಯಿಂದ ನಮ್ಮ ಪ್ರವಾಸಿಗರಿಗೆ 15 ದಿನ ವೀಸಾ ಇಲ್ಲದೆ ಬರಲು ಬಿಟ್ಟಿತ್ತು. ಕೆಲಸ ಕೊಡಿಸುತ್ತೇವೆ ಅಂತ ಜನರನ್ನು ಅಲ್ಲಿಗೆ ಕರೆಸಿ, ಅಪಹರಿಸಿ, ಮನೆಯವರ ಹತ್ತಿರ ದುಡ್ಡು ಕೇಳಿದ ಪ್ರಕರಣಗಳಾದವು. 2025ರ ನವೆಂಬರ್ 22ರಿಂದ ಆ ಸೌಲಭ್ಯವೇ ನಿಂತಿತು. ಎಲ್ಲರಿಗೂ.

ಹುಡುಗ ಹೋಗಲಿಲ್ಲ. ದುಡ್ಡು ಮಾತ್ರ ಇನ್ನೂ ವಾಪಸ್ ಬಂದಿಲ್ಲ, ಏಜೆಂಟ್ ಫೋನ್ ಎತ್ತುವುದಿಲ್ಲ. ಆ ತಾಯಿಯ ಮುಖ ನೆನೆದರೆ ನನಗೆ ಸಿಟ್ಟು ತಡೆಯುವುದಿಲ್ಲ.

ವೀಸಾ ಇಲ್ಲದ ಈ ಪ್ರವೇಶ ಊರು ನೋಡಲು ಹೋಗುವವರಿಗೆ. ಅದರ ಮೇಲೆ ಸಂಬಳಕ್ಕೆ ದುಡಿಯುವ ಹಾಗಿಲ್ಲ. ಹೊರದೇಶದ ಕೆಲಸ ಅಂದರೆ ಏಜೆಂಟ್‌ಗೆ ಕೇಂದ್ರ ಸರ್ಕಾರದ ಲೈಸೆನ್ಸ್ ಇರಬೇಕು. ಇದೆಯೋ ಇಲ್ಲವೋ ಅಂತ ‘ಇ-ಮೈಗ್ರೇಟ್’ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಲೈಸೆನ್ಸ್ ಇದ್ದವರೂ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ಸೇವಾ ಶುಲ್ಕ ಕೇಳುವಂತಿಲ್ಲ.

ಮುಕ್ತಿನಾಥಕ್ಕೆ ಹೋಗುವ ಹಿರಿಯರಿಗೂ ಒಂದು ಮಾತು. ನೇಪಾಳಕ್ಕೆ ವಿಮಾನದಲ್ಲಿ ಹೋಗುವವರು ವೋಟರ್ ಐಡಿ ಅಥವಾ ಪಾಸ್‌ಪೋರ್ಟ್ ಇಟ್ಟುಕೊಳ್ಳಿ. ಆಧಾರ್ ಒಂದನ್ನೇ ನಂಬಿ ಹೊರಡಬೇಡಿ.

ನಿಮ್ಮ ಪತ್ರಿಕೆಯಲ್ಲಿ ಟೂರ್ ಜಾಹೀರಾತು ದಿನಾ ಬರುತ್ತವೆ. ಅದೇ ಪುಟದಲ್ಲಿ ತಿಂಗಳಿಗೊಮ್ಮೆ ಅರ್ಧ ಕಾಲಂ ಬಿಡಿ. ಯಾವ ದೇಶಕ್ಕೆ ಎಷ್ಟು ದಿನ, ಯಾವ ಫಾರಂ, ಅದಕ್ಕೆ ಫೀಸ್ ಇದೆಯೋ ಇಲ್ಲವೋ, ಇಷ್ಟನ್ನು ಕನ್ನಡದಲ್ಲಿ ಹಾಕಿ. ನಮ್ಮ ಜಿಲ್ಲಾಡಳಿತವೂ ಐಟಿಐ, ಡಿಗ್ರಿ ಕಾಲೇಜುಗಳ ನೋಟಿಸ್ ಬೋರ್ಡಿನಲ್ಲಿ ಇ-ಮೈಗ್ರೇಟ್ ವಿಷಯ ಅಂಟಿಸಲಿ. ನೀವು ಪ್ರಕಟಿಸಿದ ದಿನ ಆ ಕಾಲಂ ಕತ್ತರಿಸಿ ನನ್ನ ಸೆಂಟರ್ ಬಾಗಿಲಿಗೆ ಅಂಟಿಸುತ್ತೇನೆ.

ಇತಿ,
ಆನ್‌ಲೈನ್ ಸೆಂಟರ್ ನಡೆಸುವ ನಿಮ್ಮ ಓದುಗರೊಬ್ಬರು
ಚಿಂತಾಮಣಿ, ಚಿಕ್ಕಬಳ್ಳಾಪುರ ಜಿಲ್ಲೆ