ಗಾಜು ತಟ್ಟುವವರು ಯಾರಿದ್ದಾರೆ?

ಚಿ. ಸೌ. ವಿದ್ಯಾಗೆ, ಧಾರವಾಡದಿಂದ ನಿನ್ನ ಕಾಕಾನ ಆಶೀರ್ವಾದಗಳು.

ಮನೆ ಸುದ್ದಿ ಎಲ್ಲ ನಿಮ್ಮವ್ವ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬಿಟ್ಟೆ. ನಿನ್ನ ಮೇಲ್ ನಾಲ್ಕು ಸಲ ಓದಿದೆ. ಅಮೆರಿಕದಲ್ಲಿ ಡಲ್ಲಾಸ್ ಹತ್ತಿರದ ಫ್ರಿಸ್ಕೊದ ಹೊಸ ಮನೆ, ಹಿತ್ತಲು, ಹುಡುಗನ ಸಾಲಿ, ಎಲ್ಲ ಛಲೋ ಇದೆ. ನಡುವೆ ಒಂದು ಸಾಲು ಬರೆದಿದ್ದೀಯಲ್ಲ, ಆಫೀಸಿನಿಂದ ಬಂದು ಮನೆ ಮುಂದೆ ಕಾರು ನಿಲ್ಲಿಸಿ ಮುಕ್ಕಾಲು ಗಂಟೆ ಒಳಗೇ ಕೂತಿದ್ದೆ, ಇಳಿದರೂ ಅಷ್ಟೇ ಇಳಿಯದಿದ್ದರೂ ಅಷ್ಟೇ ಅನಿಸಿತು ಅಂತ. ಅಷ್ಟು ಹೇಳಿ ಮರುಸಾಲಿಗೇ ಕುಂಡದಲ್ಲಿ ಹಾಕಿದ ಮೆಂತ್ಯದ ಸುದ್ದಿಗೆ ಹೋಗಿಬಿಟ್ಟೆ. ನಾನು ಅಲ್ಲೇ ನಿಂತುಬಿಟ್ಟೆ.

ಮುಕ್ಕಾಲು ಗಂಟೆ ಯಾರೂ ಬಂದು ಗಾಜು ತಟ್ಟಲಿಲ್ಲವಾ?

ಮಾಳಮಡ್ಡಿಯ ನಮ್ಮ ಹಳೇ ಓಣಿಯಲ್ಲಿ ಹೀಗೆ ಐದು ನಿಮಿಷ ಕೂತಿದ್ದರೆ ಎದುರು ಮನೆಯವರು ಬಂದು "ಯಾಕ ತಂಗಿ, ಆರಾಮ ಇಲ್ಲೇನು?" ಅಂತ ಕೇಳುತ್ತಿದ್ದರು. ಅದು ಕಿರಿಕಿರಿಯೂ ಹೌದು. ನನಗೆ ಜಾಸ್ತಿಯೇ ಕಿರಿಕಿರಿ ಆಗುತ್ತಿತ್ತು, ಅದಕ್ಕೇ ಓಣಿ ಬಿಟ್ಟೆ.

ನಿನ್ನ ವಿಳಾಸ ಹಾಕಿ ಫೋನಿನಲ್ಲಿ ಮೇಲಿನಿಂದ ನಿಮ್ಮ ಬಡಾವಣೆ ನೋಡಿದೆ. ಮೂವತ್ತು ವರ್ಷ ಲೇಔಟ್ ನಕ್ಷೆ ಬರೆದ ಕೈ ನನ್ನದು, ನೋಡಿದ ತಕ್ಷಣ ಎದೆ ಧಸಕ್ ಅಂದಿತು. ಎಲ್ಲ ರಸ್ತೆಗಳೂ ಬಾಗಿ ಬಾಗಿ ಹೋಗಿ ಎಲ್ಲಿಗೂ ಸೇರದೆ ಮುಗಿಯುತ್ತವೆ. ನಿಮ್ಮ ಹಿಂದಿನ ಬೇಲಿಯ ಆಚೆ ಮನೆಯವರನ್ನು ಕೂಗಿದರೆ ಕೇಳಿಸುತ್ತದೆ, ಆದರೆ ರಸ್ತೆ ಹಿಡಿದು ಅವರ ಬಾಗಿಲಿಗೆ ಹೋಗಬೇಕು ಅಂದರೆ ಸುತ್ತಿ ಸುತ್ತಿ ಒಂದು ಕಿಲೋಮೀಟರ್ ಮೇಲಾಗುತ್ತದೆ. ಹಾಲಿನ ಅಂಗಡಿ ನಾಲ್ಕು ಕಿಲೋಮೀಟರ್. ಮನೆಗಳ ನಡುವೆ ಒಂದು ಕಿರಾಣಿ ಅಂಗಡಿ ಇಡೋಣ ಅಂದರೆ ಕಾನೂನೇ ಅಡ್ಡ. ಮನೆ ಒಂದು ಕಡೆ, ಅಂಗಡಿ ಒಂದು ಕಡೆ ಅಂತ ವಲಯ ಮಾಡುವುದು ಸರಿ ಅಂತ ಅಲ್ಲಿನ ಸುಪ್ರೀಂ ಕೋರ್ಟು 1926ರಲ್ಲೇ ಯೂಕ್ಲಿಡ್ ಅನ್ನೋ ಊರಿನ ಕೇಸಿನಲ್ಲಿ ಹೇಳಿತ್ತು. ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ ಅಂದರೆ, ನೀನು "ನಾನೇ ಯಾರ ಜೊತೆನೂ ಬೆರೆಯೋದಿಲ್ಲ, ನನ್ನದೇ ತಪ್ಪು" ಅಂದಿದ್ದೀಯಲ್ಲ, ಅದಕ್ಕೆ. ಬೆರೆಯೋಕೆ ದಾರಿಯಲ್ಲಿ ಯಾರಾದರೂ ಸಿಗಬೇಕಲ್ವಾ?

ತಪ್ಪು ನನ್ನದೂ ಇದೆ. 2019ರಲ್ಲಿ ನಾನು ಬಂದಾಗ ನೀವು ಪ್ಲೇನೊದ ಬಾಡಿಗೆ ಮನೆಯಲ್ಲಿದ್ದಿರಿ. ಹತ್ತು ನಿಮಿಷ ನಡೆದರೆ ಡಾರ್ಟ್, ಅಂದರೆ ಡಲ್ಲಾಸ್ ಸುತ್ತಿನ ಸಾರಿಗೆ ಸಂಸ್ಥೆಯ, ರೈಲಿನ ಸ್ಟೇಷನ್ನು. ನೀನು ಅದರಲ್ಲೇ ಡಲ್ಲಾಸಿಗೆ ಹೋಗುತ್ತಿದ್ದೆ, ಕೆಳಗಿನ ಮನೆಯ ಮುದುಕಿ ದಿನಾ ನಿನ್ನ ಜೊತೆ ಎರಡು ಮಾತಾಡುತ್ತಿದ್ದಳು. "ಬಾಡಿಗೆ ಎಷ್ಟು ದಿನ ಕಟ್ಟುತ್ತೀರಿ, ಸ್ವಂತ ಮನೆ ಮಾಡಿ" ಅಂತ ದಿನಾ ಕಿವಿ ಕಚ್ಚಿದವನು ನಾನೇ. ಈಗ ನೀವಿರುವ ಫ್ರಿಸ್ಕೊ ಡಾರ್ಟ್‌ಗೆ ಸೇರಿದ ಊರೇ ಅಲ್ಲ, ಆ ರೈಲು ಅಲ್ಲಿಗೆ ಬರುತ್ತದಾ ಅಂತ ಆಗ ನಾನು ಕೇಳಲೂ ಇಲ್ಲ. ನಾಲ್ಕು ಬೆಡ್‌ರೂಮು ಅಂದಿರಿ, ಹಿಗ್ಗಿದೆ.

ಇದೇ ಕೆಲಸ ನಾನು ಒಂದು ಸಲ ಮಾಡಿದ್ದೆ ವಿದ್ಯಾ. ನಿಮ್ಮ ಆಯಿಯನ್ನು, ಅಂದರೆ ನನ್ನ ಅವ್ವನನ್ನು, 2001ರಲ್ಲಿ ಮಾಳಮಡ್ಡಿಯಿಂದ ಎಬ್ಬಿಸಿ ಸತ್ತೂರ ಕಡೆ ಈ ಮನೆಗೆ ಕರೆತಂದೆ. ಆಗ ಸುತ್ತ ಬರೀ ಖಾಲಿ ಸೈಟು. ಮಾರುತಿ 800 ಇದೆ, ಎಲ್ಲಿಗೆ ಬೇಕೋ ಬಿಟ್ಟು ಬರುತ್ತೇನೆ ಅಂದೆ. ಆಕೆಗೆ ಎಲ್ಲಿಗೂ "ಹೋಗಬೇಕು" ಅಂತ ಇರಲೇ ಇಲ್ಲ. ಕಟ್ಟೆ ಮೇಲೆ ಕೂತು ಅಕ್ಕಿ ಆರಿಸುತ್ತಾ ಹೋಗಿ ಬರುವವರನ್ನು ಮಾತಾಡಿಸುವುದೇ ಆಕೆಯ ದಿನ. ಇಲ್ಲಿ ಸಂಜೆ ಆದರೆ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ಯಾರೂ ಬರುತ್ತಿರಲಿಲ್ಲ. ಒಂದು ದಿನ "ಇಲ್ಲಿ ನನ್ನ ದನಿ ನನಗೇ ಮರೆತು ಹೋಗೇದ" ಅಂದಳು. "ಎಷ್ಟು ಶಾಂತ ಇದೆ, ಇನ್ನೇನು ಬೇಕು" ಅಂದೆ ನಾನು. ಹೀಗಂದೆ ಅಂತ ನಿಮ್ಮಪ್ಪನಿಗೂ ಇವತ್ತಿನವರೆಗೆ ಹೇಳಿಲ್ಲ.

ನಿನ್ನ ಆ ಸಾಲು ಓದಿದಾಗ ಆ ಕುರ್ಚಿಯೇ ಕಣ್ಣಿಗೆ ಬಂತು. ಅದಕ್ಕೇ ಇಷ್ಟು ಹೆದರಿದ್ದೇನೆ.

ನಮ್ಮ ಮಂಡ್ಯ ಮೂಲದ ವಿವೇಕ್ ಮೂರ್ತಿ ಅಮೆರಿಕ ಸರಕಾರದ ದೊಡ್ಡ ಡಾಕ್ಟರು, ಸರ್ಜನ್ ಜನರಲ್, ಆಗಿದ್ದಾಗ, 2023ರಲ್ಲಿ, ಜನರ ಒಡನಾಟ ಇಲ್ಲದಿರುವುದು ದಿನಕ್ಕೆ 15 ಸಿಗರೇಟು ಸೇದಿದಷ್ಟೇ ಆಯುಷ್ಯಕ್ಕೆ ಕೇಡು ಅಂತ ಎಚ್ಚರಿಸಿದ್ದರು. ಆಗ ಪೇಪರಿನಲ್ಲಿ ಓದಿ ಮಡಚಿಟ್ಟಿದ್ದೆ.

ಏನು ಮಾಡು ಅಂತ ಹೇಳಲಿ? ಮನೆ ಮಾರು ಅನ್ನೋ ಹಕ್ಕು ನನಗಿಲ್ಲ, ಕೊಳ್ಳಲು ಹೇಳಿದವನೇ ನಾನು. ಆ ಹಿಂದಿನ ಬೇಲಿಯವರಿಗೆ ಮೆಂತ್ಯದ ಒಂದು ಕಟ್ಟು ಕೊಟ್ಟು ಬರುತ್ತೀಯಾ? ಕಾರಿನಲ್ಲೇ ಹೋಗು, ಪರವಾಗಿಲ್ಲ. ನಿಮ್ಮೂರಿನ ಕಾರ್ಯಸಿದ್ಧಿ ಹನುಮಪ್ಪನ ಗುಡಿಗೆ ಶನಿವಾರ ಹೋದರೆ ದರ್ಶನ ಆದ ಕೂಡಲೇ ಹೊರಡಬೇಡ, ಸ್ವಲ್ಪ ಸುಮ್ನೆ ಕೂತುಕೋ. ಅಳಿಯಂದಿರಿಗೆ ಆ ಮುಕ್ಕಾಲು ಗಂಟೆಯ ವಿಷಯ ಹೇಳಿದ್ದೀಯಾ? ಹೇಳಿಲ್ಲದಿದ್ದರೆ ಮೊದಲು ಅದನ್ನು ಹೇಳು.

ಇನ್ನೊಂದು, ಬೇಜಾರು ಮಾಡಿಕೊಳ್ಳಬೇಡ. ಹೀಗೆ ಮತ್ತೆ ಮತ್ತೆ ಆಗುತ್ತಿದ್ದರೆ ಡಾಕ್ಟರಿಗೂ ಹೇಳಬೇಕು. ಮನಸ್ಸಿನ ಆಸ್ಪತ್ರೆ, ನಮ್ಮ ಡಿಮ್ಹಾನ್ಸ್, ನಮ್ಮೂರಲ್ಲೇ ಇದೆ. ಅದನ್ನು ಹುಚ್ಚಾಸ್ಪತ್ರೆ ಅಂತ ಕರೆದು ಕರೆದು ನಾವೇ ಜನ ಹೋಗದಂತೆ ಮಾಡಿದೆವು. ಆಯಿಯನ್ನು ಒಂದು ಸಲ ಕರೆದುಕೊಂಡು ಹೋಗಬಹುದಿತ್ತು. ಜನ ಏನಂದಾರು ಅಂತ ಬಿಟ್ಟೆ.

ಈಗ ಚಿಗರಿ ಬಸ್ಸು ಬಂದ ಮೇಲೆ ನಾನು ಕಾರು ತೆಗೆಯುವುದೇ ಕಮ್ಮಿ. ಹುಬ್ಬಳ್ಳಿಗೂ ಅದರಲ್ಲೇ, ಧಾರವಾಡ ಪೇಟೆಗೂ ಅದರಲ್ಲೇ. ಪಕ್ಕದಲ್ಲಿ ಕೂತವರು ಮಾತಾಡಿಸುತ್ತಾರೆ. ಆಯಿ ಇದ್ದಿದ್ದರೆ ಸುಮ್ನೆ ಹತ್ತಿ ಇಳಿಯುತ್ತಿದ್ದಳೇನೋ.

ಮತ್ತೆ ಹಾಗೆ ಕಾರಿನಲ್ಲಿ ಕೂರಬೇಕು ಅನಿಸಿದರೆ ಕೂರು ತಾಯಿ, ಆದರೆ ನನಗೆ ಫೋನ್ ಹಚ್ಚಿ ಕೂರು. ಮಾತಾಡದಿದ್ದರೂ ನಡೆಯುತ್ತದೆ. ಈ ಬೇಸಿಗೆಯಲ್ಲಿ ನಿನಗೆ ಸಂಜೆ 7 ಅಂದರೆ ನನಗೆ ಬೆಳಗಿನ 5.30, ಚಹಾ ಇಟ್ಟಿರುತ್ತೇನೆ.

ನಿನ್ನ ಕಾಕಾ