ಡೊಮೈನ್ ಬೀಗದ ಕೈ ಯಾರ ಹತ್ತಿರ?

ಮಾನ್ಯ ಸಂಪಾದಕರೇ,

ಮನೆಯಲ್ಲೇ ತಿಂಡಿ, ಉಪ್ಪಿನಕಾಯಿ ಮಾಡಿ ಆನ್‌ಲೈನಿನಲ್ಲಿ ಮಾರುವ ಹೆಂಗಸರ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆ. ವೆಬ್‌ಸೈಟ್ ಮಾಡಿಸುವುದು ಸುಲಭ ಎಂದು ಅದರಲ್ಲಿತ್ತು. ಮಾಡಿಸುವುದು ಸುಲಭವೇ. ಬಿಡಿಸಿಕೊಂಡು ಬರುವಾಗ ಗೊತ್ತಾಗುತ್ತದೆ.

ನಾನು ಸಾಗರದವಳು. ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೇನೆ. ನಾಲ್ಕು ವರ್ಷದ ಹಿಂದೆ ಒಬ್ಬರ ಹತ್ತಿರ ವೆಬ್‌ಸೈಟ್ ಮಾಡಿಸಿದೆ. ಡೊಮೈನನ್ನೂ, ಅಂದರೆ ವೆಬ್‌ಸೈಟಿನ ವಿಳಾಸದ ಹೆಸರನ್ನೂ, ಅವರೇ ತೆಗೆಸಿಕೊಟ್ಟರು. ಈ ಜನವರಿಯಲ್ಲಿ, ವರ್ಷಕ್ಕೆ 1,200 ರೂಪಾಯಿ ಇದ್ದದ್ದು 3,500 ಆಗಿದೆ ಎಂದರು. ಹಾಗಾದರೆ ಬೇರೆ ಕಡೆ ಹೋಗುತ್ತೇನೆ ಎಂದೆ. ‘ಡೊಮೈನ್ ಲಾಕ್ ಆಗಿದೆ ಮೇಡಂ’ ಎಂದು ಫೋನ್ ಇಟ್ಟರು. ನಾನೇನೋ ತಪ್ಪು ಮಾಡಿದ್ದಕ್ಕೆ ಸರ್ಕಾರದವರು ಬೀಗ ಜಡಿದಿದ್ದಾರೆ ಅಂದುಕೊಂಡು ಎರಡು ದಿನ ಸುಮ್ನೆ ಕೂತೆ.

ಬೆಂಗಳೂರಿನಲ್ಲಿರುವ ತಂಗಿ ಮಗ, ಡೊಮೈನ್‌ಗಳಿಗೆ ನಿಯಮ ಮಾಡುವ ಐಕ್ಯಾನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಲುಕಪ್ ಪುಟ (ಡೊಮೈನ್ ವಿವರ ಹುಡುಕುವ ಪುಟ) ತೆಗೆದು ತೋರಿಸಿದ. ನನ್ನ ಡೊಮೈನಿನ ಕೆಳಗೆ ‘ಕ್ಲೈಂಟ್ ಟ್ರಾನ್ಸ್‌ಫರ್ ಪ್ರೊಹಿಬಿಟೆಡ್’ ಎಂದಿತ್ತು. ಕಳ್ಳರು ಡೊಮೈನನ್ನು ಬೇರೆ ಕಡೆ ಸಾಗಿಸದ ಹಾಗೆ ರಿಜಿಸ್ಟ್ರಾರ್, ಅಂದರೆ ಡೊಮೈನ್ ನೋಂದಾಯಿಸುವ ಕಂಪನಿ, ಹಾಕುವ ಚಿಲಕ ಅಷ್ಟೇ. ಒಳ್ಳೆಯದೇ. ಮಾಲೀಕರು ಕೇಳಿದರೆ ರಿಜಿಸ್ಟ್ರಾರ್ ಅದನ್ನು ತೆಗೆಯಬೇಕು. ಡಾಟ್ ಕಾಮ್ ಥರದವಕ್ಕೆ ಐಕ್ಯಾನ್ ನಿಯಮದಲ್ಲಿ ಐದು ದಿನದ ಗಡುವಿದೆ. ಸಾಗಿಸಲು ಬೇಕಾದ ಆತ್ ಕೋಡ್ ಎಂಬ ಗುಪ್ತ ಸಂಕೇತ ಕೊಡುವುದಕ್ಕೂ ಅಷ್ಟೇ ಗಡುವು. ಆದರೆ ಮಾಲೀಕರು ಯಾರು? ದಾಖಲೆಯಲ್ಲಿ ಹೆಸರು ನನ್ನದು, ಇಮೇಲ್ ವೆಬ್‌ಸೈಟ್ ಮಾಡಿದವರದು!

ಜಗಳ ಮಾಡಿ ಮೊದಲು ಇಮೇಲ್ ಬದಲಿಸಿಕೊಂಡೆ. ಅಲ್ಲೇ ಎಡವಿದ್ದು. ಬದಲಿಸಿದ ಕೂಡಲೇ 60 ದಿನದ ಇನ್ನೊಂದು ಬೀಗ ಬಿತ್ತು. ಮಾಲೀಕರ ವಿವರ ಬದಲಾದರೆ ಹೀಗೆ ಬೀಳುತ್ತದಂತೆ. ಆ ಬೀಗ ಬೇಡ ಎಂದು ಮುಂಚೆಯೇ ಟಿಕ್ ಮಾಡಲು ಕೆಲವು ರಿಜಿಸ್ಟ್ರಾರ್‌ಗಳಲ್ಲಿ ಅವಕಾಶ ಇರುತ್ತದಂತೆ. ನನಗೆ ಯಾರು ಹೇಳಬೇಕಿತ್ತು? ಅಷ್ಟರಲ್ಲಿ ವರ್ಷದ ಅವಧಿಯೂ ಮುಗಿಯುತ್ತಾ ಬಂತು. ಹಲ್ಲು ಕಚ್ಚಿಕೊಂಡು 3,500 ಕಟ್ಟಿದೆ.

ಏಪ್ರಿಲ್‌ನಲ್ಲಿ ಆ ಆತ್ ಕೋಡ್ ಸಿಕ್ಕಿತು. ಬರೆದು ಕಳಿಸಿ ಎಂದರೆ ಪುಣ್ಯಾತ್ಮರು ಫೋನಿನಲ್ಲೇ ಓದಿ ಹೇಳಿದರು. ನಾನು ಮಿಡಿ ಆರಿಸುತ್ತಾ ಕೂತಿದ್ದೆ, ಕೈಯೆಲ್ಲ ಸೊನೆ. ಗೋಡೆಯ ಕ್ಯಾಲೆಂಡರ್ ಹಾಳೆ ಹರಿದು ಅದರ ಹಿಂದೆ ಬರೆದುಕೊಂಡೆ. ಸೊನ್ನೆ ಯಾವುದು, ಓ ಯಾವುದು ಗೊತ್ತಾಗಲಿಲ್ಲ. ಎರಡು ಸಲ ಹಾಕಿದೆ, ಎರಡು ಸಲವೂ ತಪ್ಪು. ಮೂರನೇ ದಿನ ಮೆಸೇಜ್ ಮಾಡಿದರು. ಆಮೇಲೆ ಕೆಲಸ ಸಲೀಸು. ಬೇಡ ಎಂದು ಯಾರೂ ತಡೆಯದಿದ್ದರೆ ಐದು ದಿನದಲ್ಲಿ ಡೊಮೈನ್ ತಾನೇ ಹೊಸ ಕಡೆ ಸೇರುತ್ತದೆ. ಕಟ್ಟಿದ ವರ್ಷ ಹಾಳಾಗಲಿಲ್ಲ, ಜೊತೆಗೆ ಇನ್ನೊಂದು ವರ್ಷ ಸೇರಿತು. ಹೊಸ ಕಡೆ ಮೊದಲು ಮಾಡಿದ ಕೆಲಸ ಏನು ಗೊತ್ತಾ? ಅದೇ ಬೀಗ ಮತ್ತೆ ಹಾಕಿದ್ದು. ಈ ಸಲ ನಾನೇ.

ಗೃಹೋದ್ಯಮದ ತರಬೇತಿಗಳಲ್ಲಿ ಲೇಬಲ್, ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಬಗ್ಗೆ ದಿನವಿಡೀ ಹೇಳಿಕೊಡುತ್ತಾರೆ. ಡೊಮೈನನ್ನು ನಿಮ್ಮ ಹೆಸರು, ನಿಮ್ಮ ಇಮೇಲ್, ನಿಮ್ಮ ಅಕೌಂಟಿನಲ್ಲೇ ತೆಗೆಸಿ ಎನ್ನಲು ಐದು ನಿಮಿಷ ಸಾಕು, ಅಲ್ವಾ? ನಿಮ್ಮ ಪುರವಣಿಯಲ್ಲೂ ಇದರ ಬಗ್ಗೆ ಒಂದು ಬರಹ ಬರಲಿ. ಜೊತೆಗೆ ಹಾಕಲು ಚಿತ್ರ ಬೇಕಿದ್ದರೆ ಆ ಕ್ಯಾಲೆಂಡರ್ ಹಾಳೆ ಕಳಿಸುತ್ತೇನೆ. ಕೋಡ್ ಈಗ ಕೆಲಸಕ್ಕೆ ಬಾರದು, ಸೊನೆಯ ಕಲೆ ಮಾತ್ರ ಹಾಗೇ ಇದೆ.

– ಉಪ್ಪಿನಕಾಯಿ ಮಾಡುವ ಗೃಹಿಣಿ, ಸಾಗರ