ಒಂದು ಬ್ಲೇಡು, ಒಂದು ಗಾಜಿನ ತುಂಡು: ಪಶುಸಂಗೋಪನಾ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಪಶುಸಂಗೋಪನಾ ಸಚಿವರೆ,

ನಮಸ್ಕಾರ. ನಾನು ತೆಂಗಿನ ಸೀಮೆಯ ಒಂದು ತಾಲೂಕು ಊರಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವವನು. ನಿಮ್ಮ ಇಲಾಖೆಗೆ ನಮ್ಮ ಕಡೆಯಿಂದ ಬರುವ ಅರ್ಜಿಗಳಲ್ಲಿ ಎಷ್ಟೋ ನನ್ನ ಅಂಗಡಿಯಲ್ಲೇ ಪ್ರಿಂಟ್ ಆಗಿರುತ್ತವೆ. ಹಸು ಸಾಲ, ಕುರಿ ಶೆಡ್ಡು, ಮೇವು ಕತ್ತರಿಸುವ ಯಂತ್ರ. ನಾಯಿಮರಿ ಬಗ್ಗೆ ಅರ್ಜಿ ಬರೆಸಿದವರನ್ನು ಇವತ್ತಿನವರೆಗೆ ನೋಡಿಲ್ಲ. ಹಾಗಾಗಿ ನಾನೇ ಬರೆಯುತ್ತಿದ್ದೇನೆ.

ಕಳೆದ ದೀಪಾವಳಿ ಹೊತ್ತಿಗೆ ಅಂಗಡಿ ಹಿಂದಿನ ಮರಳು ಗುಡ್ಡೆಯಲ್ಲಿ ಒಂದು ಬೀದಿನಾಯಿ ಐದು ಮರಿ ಹಾಕಿತು. ಎರಡು ಉಳಿಯಲಿಲ್ಲ. ಒಂದನ್ನು ಯಾರೋ ಎತ್ತಿಕೊಂಡು ಹೋದರು. ಕಂದು ಬಣ್ಣದ್ದೊಂದನ್ನು ನನ್ನ ಮಗಳು ಮನೆಗೆ ತಂದು ಬೆಲ್ಲ ಅಂತ ಹೆಸರಿಟ್ಟಳು. ಕರಿ ಮರಿ ಮಾತ್ರ ತಾಯಿ ಜೊತೆ ಅಲ್ಲೇ ಉಳಿಯಿತು.

ಶಿವರಾತ್ರಿ ಹೊತ್ತಿಗೆ ಬೆಲ್ಲನ ಕಣ್ಣಿನ ಸುತ್ತ ಕೂದಲು ಉದುರಿತು. ಕನ್ನಡಕ ಹಾಕಿದ ಹಾಗೆ ಕಾಣುತ್ತಿತ್ತು. ಮಗಳು ನಕ್ಕಳು, ನಾನೂ ನಕ್ಕೆ. ಆಮೇಲೆ ಬಾಯಿಯ ಪಕ್ಕ ಒಂದು ರೂಪಾಯಿ ನಾಣ್ಯದಷ್ಟು ಬೋಳು, ಮುಂಗಾಲಿನ ಮೇಲೆ ಎರಡು. ತುರಿಕೆ ಅಂಥದ್ದೇನೂ ಇರಲಿಲ್ಲ. ಮೆಡಿಕಲ್ ಸ್ಟೋರಿನಲ್ಲಿ ಹೇಳಿದೆ. ಮನುಷ್ಯರ ಹುಳುಕಡ್ಡಿಗೆ ಕೊಡುವ ಒಂದು ಟ್ಯೂಬ್ ಕೊಟ್ಟರು. ಅದರಲ್ಲಿ ಸ್ಟೀರಾಯ್ಡ್ ಇದೆ ಅಂತ ನನಗೆ ಆಗ ಗೊತ್ತಿರಲಿಲ್ಲ. ಹಚ್ಚಿದೆವು. ಅದು ನೆಕ್ಕಿತು.

ಕಡಿಮೆಯಾಗಲಿಲ್ಲ ಅಂತ ತಾಲೂಕಿನ ಪಶು ಆಸ್ಪತ್ರೆಗೆ ಹೋದೆ. ಅಲ್ಲಿ ಹೊಟ್ಟೆ ಉಬ್ಬಿದ ಒಂದು ಮೇಕೆ, ಕರು ಹಾಕಲಾರದೆ ಒದ್ದಾಡುವ ಒಂದು ಹಸುವಿನ ಫೋನು, ಒಬ್ಬರೇ ಡಾಕ್ಟರು. ನನ್ನ ಮರಿಯನ್ನು ಮೂರು ಅಡಿ ದೂರದಿಂದ ನೋಡಿ "ಕಜ್ಜಿ" ಅಂದರು. ಒಂದು ಇಂಜೆಕ್ಷನ್ ಚುಚ್ಚಿದರು, ಮಾತ್ರೆ ಬರೆದರು. ಮಾತ್ರೆ ಮತ್ತೆ ಸ್ಟೀರಾಯ್ಡೇ. ನಾಲ್ಕು ದಿನ ಕೆಂಪು ಇಳಿದ ಹಾಗೆ ಕಂಡಿತು. ಹತ್ತನೇ ದಿನಕ್ಕೆ ಕುತ್ತಿಗೆ, ಎದೆ, ನಾಲ್ಕೂ ಪಾದ ಕೆಂಪಾಗಿ ಊದಿಕೊಂಡು ಕೀವು ಕಟ್ಟಿತು. ಮರಿಯ ಮೈಯಿಂದ ಹಳಸಿದ ಎಣ್ಣೆಯ ವಾಸನೆ. ಮಡಿಲಲ್ಲಿ ಮಲಗುತ್ತಿದ್ದ ಮರಿಯನ್ನು ಮಗಳು ಗೋಣಿಚೀಲದ ಮೇಲೆ ಮಲಗಿಸಿ ದೂರ ಕೂತು ನೋಡುತ್ತಿದ್ದಳು.

ಆ ಡಾಕ್ಟರನ್ನು ದೂರಲು ಈ ಪತ್ರ ಬರೆಯುತ್ತಿಲ್ಲ. 2022ರಲ್ಲಿ ಚರ್ಮಗಂಟು ರೋಗ ಬಂದು ದನಗಳು ಮೈಮೇಲೆ ಗಂಟು ಎದ್ದು ಸಾಯುತ್ತಿದ್ದಾಗ ನಿಮ್ಮ ಇಲಾಖೆಯವರು ಹಟ್ಟಿ ಹಟ್ಟಿ ತಿರುಗಿದ್ದನ್ನು ನಾವೂ ನೋಡಿದ್ದೇವೆ. ಚರ್ಮದ ರೋಗ ಅಂದರೆ ಬರೀ ಚರ್ಮದ ವಿಷಯ ಅಲ್ಲ ಅಂತ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ನನ್ನ ತಕರಾರು ಬೇರೆ. ಆ ದಿನ ಯಾರೂ ಕೆರೆದು ನೋಡಲಿಲ್ಲ.

ಕೊನೆಗೆ ಮರಿಯನ್ನು ಬುಟ್ಟಿಯಲ್ಲಿಟ್ಟು, ಅದಕ್ಕೂ ಟಿಕೆಟ್ ತೆಗೆಸಿ, ಬಸ್ಸಿನಲ್ಲಿ ಒಂದು ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋದೆವು. ಅಲ್ಲಿ ಓದುತ್ತಿದ್ದ ಒಬ್ಬ ಹುಡುಗಿ ಬೆಲ್ಲನ ಮುಂಗಾಲನ್ನು ಎರಡು ಬೆರಳಲ್ಲಿ ಹಿಂಡಿದಳು. ಮೊಡವೆ ಹಿಂಡುವ ಹಾಗೆ. ಬ್ಲೇಡಿಗೆ ಒಂದು ಹನಿ ಲಿಕ್ವಿಡ್ ಪ್ಯಾರಾಫಿನ್ ಸವರಿ, ಅದೇ ಜಾಗವನ್ನು ಒಂದೇ ದಿಕ್ಕಿನಲ್ಲಿ ಮೆಲ್ಲಗೆ ಕೆರೆದಳು. ಸ್ವಲ್ಪ ರಕ್ತ ಒಸರಿತು. "ಅಷ್ಟು ಆಳ ಹೋಗಬೇಕು ಅಂಕಲ್, ಇವು ಕೂದಲಿನ ಬೇರಿನಲ್ಲಿರುತ್ತವೆ" ಅಂದಳು. ಬಂದದ್ದನ್ನು ಗಾಜಿನ ಸ್ಲೈಡಿಗೆ ಒರೆಸಿ, ಮೇಲೊಂದು ತೆಳು ಗಾಜು ಮುಚ್ಚಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟಳು. ಆಮೇಲೆ ನನ್ನ ಮಗಳನ್ನು ಕರೆದು "ನೋಡು" ಅಂದಳು.

ನಾನೂ ನೋಡಿದೆ. ಬೀಡಿ ತುಂಡಿನ ಆಕಾರ. ಒಂದು ತುದಿಯಲ್ಲಿ ಗಿಡ್ಡ ಗಿಡ್ಡ ಕಾಲು, ಎಂಟು. ಉಳಿದದ್ದೆಲ್ಲ ಬಾಲ. ಒಂದೇ ಸ್ಲೈಡಿನಲ್ಲಿ ಹನ್ನೊಂದು ಎಣಿಸಿದಳು ಮಗಳು. ಕೆಲವು ಕಾಲು ಆಡಿಸುತ್ತಿದ್ದವು. ಡೆಮೊಡೆಕ್ಸ್ ಅನ್ನುವ ನುಸಿ. ನಮ್ಮ ಕಡೆ ನುಸಿ ಅಂದರೆ ತೆಂಗು ನೆನಪಾಗುತ್ತದೆ. ಕಾಯಿ ಬುರುಡೆಯೆಲ್ಲ ಕಂದು ಬಿರುಕು ಬಿಟ್ಟು ರೈತರ ಸೊಂಟ ಮುರಿದ ನುಸಿ. ಇದು ಅದರ ದೂರದ ಬಳಗ ಅನ್ನಿ.

ಕೆರೆದು ನೋಡುವುದು ಮುಗಿಯಲು ಹತ್ತು ನಿಮಿಷವೂ ಆಗಲಿಲ್ಲ. ಆ ಹತ್ತು ನಿಮಿಷ ಮೊದಲೇ ಸಿಕ್ಕಿದ್ದರೆ ಸ್ಟೀರಾಯ್ಡ್ ತಪ್ಪುತ್ತಿತ್ತು. ಯಾಕೆಂದರೆ ಈ ನುಸಿ ಬಹುತೇಕ ಎಲ್ಲ ನಾಯಿಗಳ ಮೈಯಲ್ಲೂ ಸ್ವಲ್ಪ ಸ್ವಲ್ಪ ಇರುತ್ತದಂತೆ. ಹುಟ್ಟಿದ ಮೊದಲ ಕೆಲವು ದಿನ ಹಾಲು ಕುಡಿಯುವಾಗ ತಾಯಿಯಿಂದ ಮರಿಗೆ ಬರುತ್ತದೆ. ಮೈಯ ಶಕ್ತಿ ಸರಿಯಿದ್ದರೆ ಸುಮ್ನೆ ಇರುತ್ತದೆ. ಮೂರರಿಂದ ಆರು ತಿಂಗಳ ಮರಿಗೆ ಅಲ್ಲೊಂದು ಇಲ್ಲೊಂದು ಬೋಳು ಬಂದರೆ ಹೆಚ್ಚಿನ ಮರಿಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಸ್ಟೀರಾಯ್ಡ್ ಕೊಟ್ಟರೆ ಮೈಯ ಶಕ್ತಿ ಕುಗ್ಗಿ ನುಸಿಗೆ ಹಬ್ಬ. ನಮ್ಮ ಮರಿಗೆ ಆಗಿದ್ದು ಅದೇ. ಮನುಷ್ಯರಿಗೆ ಇದು ಅಂಟುವುದಿಲ್ಲ. ನನ್ನ ಮಗಳು ಅದನ್ನು ದೂರ ಮಲಗಿಸುವ ಅಗತ್ಯವೇ ಇರಲಿಲ್ಲ.

ಈಗ ಕರಿ ಮರಿಯ ಕಥೆ ಕೇಳಿ. ಅದಕ್ಕೂ ಕೂದಲು ಉದುರಿತು. ಊರವರ ಪ್ರಕಾರ ಅದೂ "ಕಜ್ಜಿ"ಯೇ. ಆದರೆ ಅದು ಹಗಲು ರಾತ್ರಿ ಕೆರೆದುಕೊಳ್ಳುತ್ತಿತ್ತು. ಕಿವಿಯ ಅಂಚು ಬೂದಿ ಬಣ್ಣದ ಹಕ್ಕಳೆ ಕಟ್ಟಿ ಹಳೇ ರೊಟ್ಟಿಯ ಅಂಚಿನ ಹಾಗೆ ಒರಟಾಗಿತ್ತು. ಮೊಣಕೈ, ಹೊಟ್ಟೆ ಕೂಡ. ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು: ಕಿವಿಯ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿ ಅಂತ. ಉಜ್ಜಿದೆ. ಹಿಂಗಾಲು ತಾನಾಗಿ ಗಾಳಿಯಲ್ಲಿ ಕೆರೆಯಲು ಶುರು ಮಾಡಿತು, ಯಾರೋ ಸ್ವಿಚ್ ಹಾಕಿದ ಹಾಗೆ. ಇದು ಸಾರ್ಕಾಪ್ಟಿಸ್ ಅನ್ನುವ ಬೇರೆ ನುಸಿಯ ಲಕ್ಷಣ. ಚರ್ಮದೊಳಗೆ ಸುರಂಗ ಕೊರೆದು ಮೊಟ್ಟೆ ಇಡುತ್ತದೆ. ಸುಮಾರು ಮೂರು ವಾರದಲ್ಲಿ ಒಂದು ಪೀಳಿಗೆ. ನಾಯಿಯಿಂದ ನಾಯಿಗೆ ಬೇಗ ಹರಡುತ್ತದೆ. ಮನುಷ್ಯರಿಗೂ ಹತ್ತುತ್ತದೆ. ವಾರದೊಳಗೆ ನನ್ನ ಮುಂಗೈ, ಸೊಂಟದ ಸುತ್ತ ಕೆಂಪು ಗುಳ್ಳೆ. ರಾತ್ರಿ ನಿದ್ದೆ ಇಲ್ಲ. ಆ ಮರಿ ಜೊತೆ ಆಡುತ್ತಿದ್ದ ಮೂರು ಮಕ್ಕಳಿಗೂ ಅದೇ. ನಾಯಿಯ ನುಸಿ ಮನುಷ್ಯರ ಮೈಯಲ್ಲಿ ಹೆಚ್ಚು ಕಾಲ ಬಾಳುವುದಿಲ್ಲ, ನಾಯಿ ವಾಸಿಯಾದರೆ ನಮಗೂ ನಿಲ್ಲುತ್ತದೆ. ಆದರೆ ನಾಯಿ ವಾಸಿಯಾಗಬೇಕಲ್ವಾ?

ಒಂದೇ ತಾಯಿಯ ಎರಡು ಮರಿ. ಎರಡಕ್ಕೂ ಕೂದಲು ಉದುರಿತು. ರೋಗ ಬೇರೆ, ಔಷಧದ ಲೆಕ್ಕ ಬೇರೆ, ನಮಗಿರುವ ಅಪಾಯವೂ ಬೇರೆ. ಇದರ ಮೇಲೆ ಹುಳುಕಡ್ಡಿ ಇದೆ, ಅದು ಬೂಷ್ಟಿನಿಂದ ಬರುವಂಥದ್ದು, ಮಕ್ಕಳಿಗೆ ಸಲೀಸಾಗಿ ಅಂಟುತ್ತದೆ. ಚಿಗಟ, ಉಣ್ಣೆ ಸರಿಯೇ ಸರಿ. ಇಷ್ಟಕ್ಕೂ ಸೇರಿಸಿ ನಾವು ಇಟ್ಟಿರುವುದು ಒಂದೇ ಹೆಸರು, ಕಜ್ಜಿ. ಜನ ಹಾಗೆ ಅಂದರೆ ಪರವಾಗಿಲ್ಲ. ಆಸ್ಪತ್ರೆಯೂ ಹಾಗೇ ಅಂದರೆ ಕಷ್ಟ.

ಆಸ್ಪತ್ರೆಯಲ್ಲಿ ಉತ್ತರ ಸಿಗದಿದ್ದಾಗ ಜನ ಏನು ಮಾಡುತ್ತಾರೆ ಅಂತಲೂ ಹೇಳಿಬಿಡುತ್ತೇನೆ. ಗ್ಯಾರೇಜಿನಿಂದ ಸುಟ್ಟ ಇಂಜಿನ್ ಆಯಿಲ್ ತಂದು ಮರಿಗೆ ಬಳಿಯುತ್ತಾರೆ. ಕರಿ ಮರಿಗೂ ಯಾರೋ ಪುಣ್ಯ ಕಟ್ಟಿಕೊಳ್ಳಲು ಹೋಗಿ ಬಳಿದಿದ್ದರು. ನುಸಿ ಸಾಯುತ್ತದೆ ಅನ್ನುವ ನಂಬಿಕೆ. ಮರಿ ಅದನ್ನು ನೆಕ್ಕುತ್ತದೆ, ವಾಂತಿ ಮಾಡುತ್ತದೆ. ಮೊದಲೇ ಬಿರಿದ ಚರ್ಮ ಇನ್ನಷ್ಟು ಉರಿಯುತ್ತದೆ. ಸೀಮೆಎಣ್ಣೆ ಹಚ್ಚುವವರಿದ್ದಾರೆ. ಹೊಂಗೆ ಎಣ್ಣೆ, ಬೇವು, ಅರಿಶಿನ ಹಚ್ಚುವವರಿಂದ ಅಷ್ಟು ಕೇಡಿಲ್ಲ, ಆದರೆ ಬೇರಿನೊಳಗಿನ ನುಸಿಗೆ ಅದು ತಲುಪುವುದೂ ಇಲ್ಲ. ಇನ್ನು ಕೆಲವರು ಕೂದಲು ಉದುರಿದ ನಾಯಿ ಕಂಡರೆ ಹುಚ್ಚುನಾಯಿ ಅಂದುಕೊಳ್ಳುತ್ತಾರೆ. ಹೋಟೆಲಿನ ಹಿಂಬಾಗಿಲಲ್ಲಿ ಅದರ ಮೇಲೆ ಬಿಸಿನೀರು ಎರಚಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಕಜ್ಜಿಗೂ ರೇಬಿಸ್‌ಗೂ ಸಂಬಂಧವೇ ಇಲ್ಲ.

ಔಷಧದ ಮಾತು. ನಿಮ್ಮ ಆಸ್ಪತ್ರೆಗಳ ಬೀರುವಿನಲ್ಲಿ ಐವರ್ಮೆಕ್ಟಿನ್ ಇದ್ದೇ ಇರುತ್ತದೆ, ದನಕ್ಕೆಂದು. ಜಪಾನಿನ ಮಣ್ಣಿನ ಒಂದು ಸೂಕ್ಷ್ಮಜೀವಿಯಿಂದ ಹುಟ್ಟಿದ ಔಷಧ ಅದು. ಅದಕ್ಕೆ ದಾರಿ ಮಾಡಿಕೊಟ್ಟ ಸತೋಶಿ ಒಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಬಂತು. ಒಳ್ಳೆಯ ಔಷಧವೇ. ಆದರೆ ಲೆಕ್ಕ ನೋಡಿ. ದನಕ್ಕೆ ಬರುವ ಸೀಸೆಯಲ್ಲಿ ಒಂದು ಮಿಲಿಲೀಟರಿಗೆ 10 ಮಿಲಿಗ್ರಾಂ. ಒಂದೂವರೆ ಕೆಜಿ ಮರಿಗೆ ಕಜ್ಜಿಗೆ ಬೇಕಾಗುವುದು ಹೆಚ್ಚುಕಡಿಮೆ 0.3 ಮಿಲಿಗ್ರಾಂ. ಅಂದರೆ 0.03 ಮಿಲಿಲೀಟರು. ದನಕ್ಕೆ ಚುಚ್ಚುವ ಸಿರಿಂಜಿನಲ್ಲಿ ಅದು ಕಣ್ಣಿಗೇ ಕಾಣುವುದಿಲ್ಲ. ಕೈ ಸ್ವಲ್ಪ ಜಾಸ್ತಿ ಒತ್ತಿದರೆ ಹತ್ತು ಪಟ್ಟು ಹೋಗುತ್ತದೆ. ಮರಿ ತೂರಾಡುತ್ತದೆ, ಜೊಲ್ಲು ಸುರಿಸುತ್ತದೆ, ಕಣ್ಣು ಕಾಣದ ಹಾಗಾಗುತ್ತದೆ, ಸತ್ತೂ ಹೋಗಬಹುದು. ಆರು ವಾರದೊಳಗಿನ ಮರಿಗೆ ಕೊಡಲೇಬಾರದು. ಕೋಲಿ ಜಾತಿಯ ನಾಯಿಗಳಿಗಂತೂ ಹುಟ್ಟಿನಿಂದಲೇ ಇದು ವಿಷವಾಗಬಹುದು. ಮೇಲಾಗಿ ಒಂದೇ ಸಲ ಚುಚ್ಚಿದರೆ ಮೊಟ್ಟೆ ಉಳಿಯುತ್ತವೆ, ಎರಡು ವಾರಕ್ಕೊಮ್ಮೆ ಮತ್ತೆ ಕೊಡಬೇಕು. ಬೀದಿ ಮರಿಯನ್ನು ಎರಡನೇ ಸಲ ಹಿಡಿಯುವ ಕಷ್ಟ ಹಿಡಿದವನಿಗೇ ಗೊತ್ತು. ನನ್ನ ಎಡ ಅಂಗೈಯಲ್ಲಿ ಇನ್ನೂ ಕಲೆ ಇದೆ. (ರೇಬಿಸ್ ಲಸಿಕೆ ಪೂರ್ತಿ ಹಾಕಿಸಿಕೊಂಡೆ, ಗಾಬರಿ ಬೇಡ.)

ಈಗ ಅದಕ್ಕಿಂತ ಸಲೀಸಾದ ಮಾತ್ರೆಗಳಿವೆ. ಫ್ಲುರಾಲನರ್, ಅಫಾಕ್ಸೊಲನರ್ ಅಂತ. ಎಂಟು ವಾರ ದಾಟಿದ, ಎರಡು ಕೆಜಿ ತೂಗುವ ಮರಿಗೆ ಕೊಡಬಹುದು. ಫ್ಲುರಾಲನರ್ ಒಂದು ಮಾತ್ರೆ ಸುಮಾರು 12 ವಾರ ಕೆಲಸ ಮಾಡುತ್ತದೆ. ಎರಡೂ ಬಗೆಯ ನುಸಿಗೂ ನಡೆಯುತ್ತದೆ, ಚಿಗಟ ಉಣ್ಣೆಗೂ ನಡೆಯುತ್ತದೆ. ಇಡ್ಲಿ ತುಂಡಿನೊಳಗೆ ಇಟ್ಟು ಹಾಕಿದರೆ ಸಾಕು, ಹಿಡಿಯುವ ರಗಳೆ ಇಲ್ಲ. ಕರಿ ಮರಿಗೆ ಕಾಲೇಜಿನವರು ಬರೆದುಕೊಟ್ಟದ್ದು ಇದನ್ನೇ. ತೊಂದರೆ ಏನೆಂದರೆ ಬೆಲೆ. ನಮ್ಮಂಥವರಿಗೆ ಭಾರ. ಸರ್ಕಾರ ಒಟ್ಟಿಗೆ ಕೊಂಡರೆ ಭಾರ ಅಷ್ಟಿರುವುದಿಲ್ಲ. ನಿಮ್ಮ ಖರೀದಿ ಪಟ್ಟಿಯಲ್ಲಿ ಇದಕ್ಕೆ ಒಂದು ಸಾಲು ಕೊಡಿ ಅನ್ನುವುದು ನನ್ನ ಒಂದು ಕೋರಿಕೆ.

ಬೀದಿನಾಯಿ ನಮ್ಮದಲ್ಲ, ಪುರಸಭೆಯದು ಅಂತ ನಿಮ್ಮ ಅಧಿಕಾರಿಗಳು ಹೇಳಬಹುದು. 2023ರ ಎಬಿಸಿ (ಪ್ರಾಣಿ ಸಂತಾನ ನಿಯಂತ್ರಣ) ನಿಯಮಗಳ ಪ್ರಕಾರ ಸಂತಾನಹರಣ ಮತ್ತು ರೇಬಿಸ್ ಲಸಿಕೆ ಸ್ಥಳೀಯ ಸಂಸ್ಥೆಗಳ ಹೊಣೆ, ಒಪ್ಪುತ್ತೇನೆ. ಪುರಸಭೆಗೆ ಹೋದರೆ ರೋಗಕ್ಕೆ ಪಶು ಆಸ್ಪತ್ರೆಗೆ ಹೋಗಿ ಅನ್ನುತ್ತಾರೆ. ಇಬ್ಬರ ನಡುವೆ ಮರಿ ಕೆರೆದುಕೊಂಡು ಕೂತಿರುತ್ತದೆ. ನೀವು ಪೌರಾಡಳಿತ ಸಚಿವರ ಜೊತೆ ಕೂತು ಇಷ್ಟು ಮಾಡಿ: ಸಂತಾನಹರಣಕ್ಕೆ ಹಿಡಿದ ಪ್ರತಿ ನಾಯಿಗೂ ಅದೇ ಹೊತ್ತಿನಲ್ಲಿ ನುಸಿಯ ಮಾತ್ರೆಯನ್ನೂ ಕೊಡಿಸಿ. ನಾಯಿ ಹೇಗೂ ಕೈಯಲ್ಲಿದೆ. ಅಕ್ಕಪಕ್ಕದ ಗೂಡಿನಲ್ಲಿ ಇರಿಸುವುದರಿಂದ ಒಂದರ ಕಜ್ಜಿ ಇನ್ನೊಂದಕ್ಕೆ ಹತ್ತಿ ಊರಿಗೆಲ್ಲ ವಾಪಸ್ ಹೋಗುವುದೂ ತಪ್ಪುತ್ತದೆ. ಡೆಮೊಡೆಕ್ಸ್ ಮೈಯೆಲ್ಲ ಹರಡಿದ ನಾಯಿಗಳಿಗೆ ಮರಿ ಆಗದಿರುವುದೇ ಒಳ್ಳೆಯದು, ಅದು ವಂಶದಲ್ಲಿ ಇಳಿಯುವ ಗುಣ ಅಂತ ಡಾಕ್ಟರುಗಳೇ ಹೇಳುತ್ತಾರೆ. ಎರಡೂ ಕೆಲಸ ಒಂದೇ ಮೇಜಿನ ಮೇಲೆ ಆಗುತ್ತದೆ.

ಮಾರುವ ಮರಿಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಎಂಟು ವಾರದೊಳಗಿನ ಮರಿ ಮಾರಬಾರದು ಅಂತ 2017ರಲ್ಲೇ ನಿಯಮ ಬಂದಿದೆ. ನಮ್ಮ ಸಂತೆಯಲ್ಲಿ ಕಣ್ಣು ಬಿಟ್ಟು ಹತ್ತು ದಿನವಾಗದ ಮರಿಗಳು ರಟ್ಟಿನ ಡಬ್ಬದಲ್ಲಿ ಬರುತ್ತವೆ, ಬೋಳು ಜಾಗಕ್ಕೆ ಅರಿಶಿನ ಹಚ್ಚಿಕೊಂಡು. ಯಾರಾದರೂ ಒಂದು ದಿನ ಬಂದು ನೋಡಲಿ.

ಇದೆಲ್ಲಕ್ಕಿಂತ ಮುಖ್ಯ ಆ ಸ್ಲೈಡು. ಬೆಲ್ಲ ಸ್ವಲ್ಪ ಚೇತರಿಸಿಕೊಂಡ ಮೇಲೆ ನಮ್ಮ ತಾಲೂಕು ಆಸ್ಪತ್ರೆಗೆ ಮತ್ತೆ ಹೋಗಿದ್ದೆ. ಇಲ್ಲಿ ಸೂಕ್ಷ್ಮದರ್ಶಕ ಇಲ್ವಾ ಅಂತ ಅಟೆಂಡರನ್ನು ಕೇಳಿದೆ. ಇದೆ ಅಂದರು. ಬೀರು ತೆಗೆದು ತೋರಿಸಿದರು. ಹಸಿರು ಬಟ್ಟೆ ಹೊದಿಸಿ ಇಟ್ಟಿದ್ದರು, ಆಯುಧಪೂಜೆಯ ಕುಂಕುಮ ಇನ್ನೂ ಹಾಗೇ ಇತ್ತು. ಬಲ್ಬು ಹೋಗಿದೆ, ಪತ್ರ ಬರೆದಿದ್ದೇವೆ, ಬಂದಿಲ್ಲ ಅಂದರು. ಎಷ್ಟು ದಿನವಾಯಿತು ಅಂದೆ. ನಕ್ಕರು.

ನಮ್ಮ ರಾಜ್ಯಕ್ಕೆ ನಾಯಿ ಹೊಸದಲ್ಲ. ಮುಧೋಳ ನಾಯಿಗೆಂದು ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರ ಕಟ್ಟಿದ್ದೇವೆ. ಹೆಬ್ಬಾಳದ ಕಾಲೇಜು 1958ರಿಂದ ಡಾಕ್ಟರುಗಳನ್ನು ತಯಾರು ಮಾಡುತ್ತಿದೆ. 1962ಕ್ಕೆ ಫೋನ್ ಮಾಡಿದರೆ ಬರುವ ಸಂಚಾರಿ ಚಿಕಿತ್ಸಾ ವಾಹನಗಳಿವೆ. ಕೆರೆದು ನೋಡುವ ವಿದ್ಯೆ ನಿಮ್ಮ ಪ್ರತಿಯೊಬ್ಬ ಡಾಕ್ಟರಿಗೂ ಬರುತ್ತದೆ, ಓದುವಾಗ ಮಾಡಿಯೇ ಬಂದಿರುತ್ತಾರೆ. ಅವರಿಗೆ ಬೇಕಾಗಿರುವುದು ಬೆಳಕು ಬರುವ ಒಂದು ಸೂಕ್ಷ್ಮದರ್ಶಕ, ಒಂದು ಸೀಸೆ ಪ್ಯಾರಾಫಿನ್, ಒಂದು ಡಬ್ಬ ಸ್ಲೈಡು, ಮತ್ತೆ ದನಗಳ ಗಲಾಟೆ ಇಲ್ಲದ ವಾರಕ್ಕೊಂದು ಮಧ್ಯಾಹ್ನ. ಗುರುವಾರ ಅಂತ ಇಟ್ಟುಕೊಳ್ಳಿ, ನಮ್ಮೂರಲ್ಲಿ ಸಂತೆ ಬುಧವಾರ. ಬಾಗಿಲ ಮೇಲೆ ಅಂಟಿಸುವ ಬೋರ್ಡನ್ನು ನಾನೇ ಪುಕ್ಕಟೆ ಪ್ರಿಂಟ್ ಹಾಕಿಕೊಡುತ್ತೇನೆ, ಲ್ಯಾಮಿನೇಷನ್ ಸಮೇತ.

ಬೆಲ್ಲನಿಗೆ ಈಗ ಕಣ್ಣಿನ ಸುತ್ತ ಹೊಸ ಕೂದಲು ಬರುತ್ತಿದೆ, ಉಳಿದ ಮೈಗಿಂತ ಒಂದು ಬಣ್ಣ ಕಪ್ಪು. ಕಳೆದ ವಾರದ ಸ್ಲೈಡಿನಲ್ಲಿ ಒಂದೂ ನುಸಿ ಸಿಗಲಿಲ್ಲ. ಆದರೆ ತಿಂಗಳು ಬಿಟ್ಟು ಇನ್ನೊಂದು ಸಲ ಕೆರೆದು ನೋಡಿ, ಆಗಲೂ ಸಿಗದಿದ್ದರೆ ಮಾತ್ರ ಔಷಧ ನಿಲ್ಲಿಸಬೇಕಂತೆ. ಆ ಎರಡನೇ ಸ್ಲೈಡನ್ನು ನಮ್ಮ ತಾಲೂಕು ಆಸ್ಪತ್ರೆಯಲ್ಲೇ ನೋಡುವ ಹಾಗೆ ಮಾಡಿಕೊಡಿ. ಬಲ್ಬು ಬರಲು ಒಂದು ತಿಂಗಳು ಸಮಯವಿದೆ.

ಇತಿ ತಮ್ಮ ವಿಶ್ವಾಸಿ,
ಬಸ್ ಸ್ಟ್ಯಾಂಡ್ ಹಿಂದಿನ ಜೆರಾಕ್ಸ್ ಅಂಗಡಿಯವನು